ಲುಬ್ಲ್ಯಾನಾಕ್ಕೆ ಹೋದ ಒಂದು ಬಾಟಲಿ ಕಹಿ

ಡೊಂಬಿವಲಿ ಪೂರ್ವ

ಸ್ಲೊವೇನಿಯಾಕ್ಕೆ ಹೋಗುತ್ತಿದ್ದೇನೆ ಎಂದಾಗ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರೂ ಹೊಟ್ಟೆಕಿಚ್ಚು ಪಡಲಿಲ್ಲ. ನನಗೆ ಭಾರೀ ನಿರಾಸೆಯಾಯಿತು. ಲಂಡನ್ ಎಂದಿದ್ದರೆ ಮೂರನೇ ಮಹಡಿಯವರಾದರೂ ಒಂದು ವಾರ ಮಾತು ಬಿಡುತ್ತಿದ್ದರು. ಪಕ್ಕದ ಮನೆಯ ಮರಾಠಿ ಕಾಕು ಮಾತ್ರ "ಅರೇ, ಹೇ ಕುಠೇ ಆಹೇ?", ಅದೆಲ್ಲಿದೆ, ಎಂದು ಕೇಳಿ, ನಾನು ಉತ್ತರಿಸುವ ಮೊದಲೇ, ಎಲ್ಲೋ ನಮ್ಮ ಲೋಕಲ್ ರೈಲಿನ ಟಿಟ್ವಾಳಾ ಸ್ಟೇಷನ್ನಿನಿಂದ ಆಚೆ ಇರಬೇಕು ಎಂಬ ಮುಖ ಮಾಡಿಕೊಂಡು ಒಳಗೆ ಹೋದರು. ಆ ಮುಖವನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ. ಯಾರದ್ದೇ ಮುಖ, ಯಾರದ್ದೇ ದನಿ ಎರಡು ಸಲ ಸಿಕ್ಕಿದರೆ ಸಾಕು, ಮೂರನೆಯ ಸಲ ಅದು ನನ್ನದು. ನನ್ನ ಈ ವಿದ್ಯೆಗೆ ಬೇಲಾಪುರದ ಆಫೀಸಿನಲ್ಲಿ ಬಹಳ ಮರ್ಯಾದೆಯಿದೆ, ಬಡ್ತಿ ಮಾತ್ರ ಇಲ್ಲ.

ನಾನು ಹೊರಟದ್ದು ಬಿಟರ್ಸ್‌ಗಾಗಿ. ಬಿಟರ್ಸ್ ಎಂದರೆ ಕಹಿ. ತೊಗಟೆ, ಬೇರು, ಕಿತ್ತಳೆ ಸಿಪ್ಪೆ, ಮಸಾಲೆಗಳನ್ನು ಕಡಕ್ ಮದ್ಯದಲ್ಲಿ ವಾರಗಟ್ಟಲೆ ನೆನೆಸಿ ಸೋಸಿದ ರಸ. ಅದನ್ನು ಕುಡಿಯುವುದಿಲ್ಲ, ಕಾಕ್‌ಟೇಲ್ ಲೋಟಕ್ಕೆ ಎರಡೋ ಮೂರೋ ಹನಿ ಹಾಕುತ್ತಾರೆ. ಸಾರಿಗೆ ಇಂಗು ಹೇಗೋ ಹಾಗೆ: ಹಾಕಿದರೆ ಗೊತ್ತಾಗಬಾರದು, ಹಾಕದಿದ್ದರೆ ಗೊತ್ತಾಗಬೇಕು.

ಅಪ್ಪ ಕಲ್ಯಾಣದ ಒಂದು ಪರ್ಮಿಟ್ ರೂಮಿನ, ಅಂದರೆ ಬಾರಿನ, ಕೌಂಟರಿನಲ್ಲಿ ಆಯುಷ್ಯ ಕಳೆದವರು, ಸೋಡಾ ಬಿಟ್ಟು ಬೇರೇನೂ ಮುಟ್ಟದವರು. ಅಲ್ಲಿನ ಮೇಲಿನ ಹಲಗೆಯಲ್ಲಿ ಬಿಟರ್ಸಿನ ಒಂದು ಪುಟ್ಟ ಬಾಟಲಿ ವರ್ಷಾನುಗಟ್ಟಲೆ ಧೂಳು ತಿನ್ನುತ್ತಿತ್ತು. ಕ್ವಾರ್ಟರ್ ಮತ್ತು ಸೇಂಗಾ ಕೇಳುವ ಗಿರಾಕಿಗಳಿಗೆ ಅದು ಬೇಡ. ಬಾರಿಗೆ ಬಣ್ಣ ಹೊಡೆಸುವಾಗ ಅಪ್ಪ ಅದನ್ನು ಮನೆಗೆ ತಂದರು. ನಾನು ನಿಂಬೆ ಸೋಡಾಕ್ಕೆ ಎರಡು ಹನಿ ಹಾಕಿ ಕುಡಿದೆ. ಅಷ್ಟೇ, ಹುಚ್ಚು ಹಿಡಿಯಿತು. ವಿದೇಶಕ್ಕೆ ಹೋಗಿಬರುವ ಗೆಳೆಯರಿಂದೆಲ್ಲ ತರಿಸಿ ತರಿಸಿ ಅಮ್ಮನ ಸಾಂಬಾರ ಡಬ್ಬಿಗಳ ಪಕ್ಕ ಹತ್ತೊಂಬತ್ತು ಬಾಟಲಿ ನಿಂತವು. ಮಜ್ಜಿಗೆ ಒಂದನ್ನು ಬಿಟ್ಟು ಮನೆಯಲ್ಲಿ ನಾನು ಕಹಿ ಹನಿಸದ ಲೋಟವಿಲ್ಲ. ಕಬ್ಬಿನ ಹಾಲು, ಕರಿ ಚಹಾ, ಭಾನುವಾರದ ಐಸ್‌ಕ್ರೀಮು, ಎಲ್ಲದಕ್ಕೂ ಬಿತ್ತು. ಕಾಕು ಹೊಟ್ಟೆ ಉಬ್ಬರಿಸಿದಾಗಲೆಲ್ಲ ಬಾಗಿಲು ತಟ್ಟಿ, "ತೇ ಕಡೂ ಪಾಣೀ ದೇ ರೇ, ದೋನ್ ಥೇಂಬ್" ಎನ್ನುತ್ತಿದ್ದರು. ಎರಡು ಹನಿ ಕಹಿ ನೀರಿಗಾಗಿ ಬಂದವರು ಒಂದು ತಾಸು ಕೂರುತ್ತಿದ್ದರು.

ಬಿಟರ್ಸ್ ಹುಚ್ಚರಿಗಾಗಿಯೇ ಇಂಟರ್‌ನೆಟ್ಟಿನಲ್ಲಿ ಒಂದು ಹರಟೆಕಟ್ಟೆ ಇತ್ತು. ಅಲ್ಲಿ ಮ್ಯೂನಿಕ್‌ನ ವೋಲ್ಫ್ ಎಂಬ ಬಾರ್‌ಮನ್ ಒಮ್ಮೆ ಬರೆದ: "ಭಾರತದವರಿಗೆ ಕಹಿ ಹೇಗೆ ಗೊತ್ತಿರುತ್ತದೆ? ಅವರು ಚಹಾಕ್ಕೇ ನಾಲ್ಕು ಚಮಚ ಸಕ್ಕರೆ ಹಾಕುವವರು." ನಾನು ಎರಡು ಚಮಚದ ಚಹಾ ಕುಡಿಯುತ್ತಲೇ ಉತ್ತರ ಬರೆದೆ. ನಮ್ಮ ತುಳುವರಲ್ಲಿ ಆಟಿ ಅಮಾವಾಸ್ಯೆ ಅಂತ ಒಂದು ದಿನ ಉಂಟು, ಅವತ್ತು ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ರಸ ಕುಡಿಯುತ್ತೇವೆ, ನಿಮ್ಮ ಬಾಟಲಿಗಳೆಲ್ಲ ಅದರ ಮುಂದೆ ಶರಬತ್ತು, ಎಂದು. ಲುಬ್ಲ್ಯಾನಾದ ಯಾನೆಜ್ ಎಂಬ ನಿವೃತ್ತ ಔಷಧಿ ಅಂಗಡಿಕಾರರು ಕೆಳಗೆ ಒಂದೇ ಸಾಲು ಹಾಕಿದರು: "ಹಾಗಾದರೆ ತೆಗೆದುಕೊಂಡು ಬಾ."

ಅವರ ಮನೆಯಲ್ಲಿ ಪ್ರತಿ ನವೆಂಬರಿನಲ್ಲಿ ಮನೆಯಲ್ಲೇ ಬಿಟರ್ಸ್ ಮಾಡುವವರು ಸೇರುತ್ತಾರೆ. ಒಬ್ಬರಿಗೆ ಒಂದೇ ಬಾಟಲಿ. ಒಳಗೆ ಏನೇನಿದೆ ಎಂದು ಪೂರ್ತಿ ಹೇಳಬೇಕು, ಅದನ್ನು ಹಾಕಿ ಒಂದು ಪಾನೀಯ ಮಾಡಿ ಎಲ್ಲರಿಗೂ ಕೊಡಬೇಕು. ಎಲ್ಲರೂ ಮೆಚ್ಚಿದ ಒಂದು ಬಾಟಲಿ ಯಾನೆಜರ ಅಜ್ಜನ ಕಾಲದ ಔಷಧಿ ಕಪಾಟಿನಲ್ಲಿ ಉಳಿಯುತ್ತದೆ. ಉಳಿದವರು ತಮ್ಮ ತಮ್ಮ ಕಹಿಯೊಂದಿಗೆ ವಾಪಸು. ಆ ಕಪಾಟಿನ ಫೋಟೋ ನೋಡಿದ ದಿನದಿಂದ ನನಗೆ ಬೇರೇನೂ ಬೇಕಿರಲಿಲ್ಲ. ಇಡೀ ಆಫೀಸಿಗೆ, ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಜೊತೆ ಗಾಡಿ ಬದಲಿಸುವ ಗುಂಪಿಗೆ, ನಮ್ಮ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿಗೆ, ಎಲ್ಲರಿಗೂ ಹೇಳಿಬಿಟ್ಟೆ: ನಮ್ಮ ಪಾಲೆ ಅಲ್ಲಿ ಕೂತೇ ಕೂರುತ್ತದೆ.

ನಮ್ಮ ಕಾಂಪೌಂಡಿನಲ್ಲೇ ಒಂದು ಪಾಲೆ ಮರವಿದೆ. ಮರಾಠಿಯವರು ಅದಕ್ಕೆ ಸಾತವೀಣ್ ಎನ್ನುತ್ತಾರೆ. ತೊಗಟೆ ತೆಗೆಯುವುದಕ್ಕೆ ಕ್ರಮವಿದೆ: ಆಟಿ ಅಮಾವಾಸ್ಯೆಯ ದಿನ, ಸೂರ್ಯ ಹುಟ್ಟುವ ಮೊದಲು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಮೈಮೇಲೆ ಬಟ್ಟೆಯೂ ಇರಬಾರದೆಂದು ಹಳಬರು ಹೇಳುತ್ತಾರೆ. ಸೊಸೈಟಿಯ ನಿಯಮಾವಳಿಯಲ್ಲಿ ಅದಕ್ಕೆ ಅವಕಾಶ ಕಾಣದ್ದರಿಂದ ನಾನು ಬರ್ಮುಡಾ ಹಾಕಿಕೊಂಡೆ. ಅಮ್ಮ ಗೊಂಚಲಿಗೆ ಏಳೆಂದು ಎಲೆ ಎಣಿಸಿ, ಒಸರಿದ ಹಾಲು ನೋಡಿ, ಇದೇ ಸರಿಯಾದ ಮರ ಎಂದು ಖಾತ್ರಿ ಮಾಡಿಕೊಂಡು, ಕೊಡೆ ಹಿಡಿದು ನಿಂತಳು. ನಾನು ಕಲ್ಲೆತ್ತಿದೆ. ಹಿಂದಿನಿಂದ ಟಾರ್ಚಿನ ಬೆಳಕು ಬಿತ್ತು. ನಮ್ಮ ವಾಚ್‌ಮನ್ ಶರಣಪ್ಪ, ಕಲಬುರಗಿಯವನು.

"ಏನ್ರೀ ಅಣ್ಣಾರ, ಗಿಡಕ್ಕ ಕಲ್ಲಲೆ ಯಾಕ ಹೊಡಿಲಕ್ಕತ್ತೀರಿ? ಅದೇನ್ ಮಾಡ್ಯಾದ ನಿಮಗ?"

"ಔಷಧಕ್ಕೆ ಮಾರಾಯ," ಅಂದಳು ಅಮ್ಮ.

"ಹಂಗಾರ ಜೋರ್ ಹೊಡೀರಿ. ಹಿಂಗ ತಟ್ಟಿದ್ರ ಗಿಡಕ್ಕ ನಿದ್ದಿ ಬರ್ತದ."

ಅಮ್ಮ ತನ್ನ ಪಾಲನ್ನು ಕುಡಿಯಲು ಇಟ್ಟುಕೊಂಡಳು. ನನ್ನ ಪಾಲು ವೋಡ್ಕಾದಲ್ಲಿ ಕೂತಿತು. ಜೊತೆಗೆ ನಾಗಪುರದ ಕಿತ್ತಳೆ ಸಿಪ್ಪೆ, ಲವಂಗ, ದಾಲ್ಚಿನ್ನಿ, ಏಲಕ್ಕಿ, ಒಣಶುಂಠಿ, ಸುಟ್ಟ ಬೆಲ್ಲ. ಒಟ್ಟು ಏಳು. ಮೂರು ತಿಂಗಳು ದಿನಾ ಅಲುಗಿಸಿದೆ. ಸೋಸಿದಾಗ ಚಹಾದ ಬಣ್ಣ, ಕನ್ನಡಿಯಂಥ ತಿಳಿ. ಹೊರಡುವ ದಿನ ಅಮ್ಮನೇ ಬಾಟಲಿಯನ್ನು ಅಪ್ಪನ ಹಳೇ ಲುಂಗಿಯಲ್ಲಿ ಸುತ್ತಿ ಬ್ಯಾಗಿನ ನಡುವೆ ಇಟ್ಟಳು.

ಲುಬ್ಲ್ಯಾನಾ, ಬ್ಯಾಗಿಲ್ಲದ ದಿನ

ನಾನು ತಲುಪಿದೆ, ಬ್ಯಾಗು ತಲುಪಲಿಲ್ಲ.

ಸಾಮಾನು ಸುತ್ತುವ ಪಟ್ಟಿ ಖಾಲಿಯಾಗಿ ನಿಂತ ಮೇಲೂ ಹತ್ತು ನಿಮಿಷ ಅದರ ಮುಂದೆ ನಿಂತಿದ್ದೆ, ಸ್ಲೋ ಟ್ರೈನ್ ಲೇಟು ಅಷ್ಟೇ ಎನ್ನುವ ಭರವಸೆಯಲ್ಲಿ. ಕೌಂಟರಿನ ಹುಡುಗಿ ಬಹಳ ಮೆಲ್ಲಗೆ ಕೇಳಿದಳು, "ಒಳಗೆ ಬೆಲೆಬಾಳುವ ವಸ್ತು ಏನಾದರೂ ಇದೆಯೇ?"

"ಮರದ ತೊಗಟೆ."

ಅವಳು ಬರೆದುಕೊಂಡಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಮ್ಮ ಕಡೆ ಆಗಿದ್ದರೆ ಪಕ್ಕದ ಕೌಂಟರಿನವರನ್ನೂ ಕರೆದು ತೋರಿಸುತ್ತಿದ್ದರು.

ಆ ದಿನವೆಲ್ಲ ಒಂದೇ ಅಂಗಿಯಲ್ಲಿ ಊರು ಸುತ್ತಿದೆ. ಲುಬ್ಲ್ಯಾನಾ ಒಂದು ದೇಶದ ರಾಜಧಾನಿಯಂತೆ. ಅದರ ಜನರನ್ನೆಲ್ಲ ತಂದು ಬೆಳಗಿನ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಲ್ಲಿಸಿದರೂ ನಮಗೆ ರಜೆಯ ದಿನ ಅನ್ನಿಸುತ್ತದೆ. ನದಿಯ ಪಕ್ಕ ಸಂತೆ, ಸಂತೆಯಲ್ಲಿ ಒಣಗಿಸಿದ ಸೊಪ್ಪು, ಬೇರು, ಹೂವು ಇಟ್ಟುಕೊಂಡ ಅಜ್ಜಿಯರು. ಯಾರೂ ಕೂಗುವುದಿಲ್ಲ. ಕೂಗದೆ ಸೊಪ್ಪು ಹೇಗೆ ಮಾರಾಟವಾಗುತ್ತದೆಂದು ನೋಡುತ್ತ ನಿಂತೆ. ಆಗುತ್ತದೆ.

ರಸ್ತೆ ದಾಟುವುದು ಇನ್ನೊಂದು ಅನುಭವ. ದೂರದವರೆಗೂ ಒಂದು ಗಾಡಿಯಿಲ್ಲ. ಕೆಂಪು ದೀಪವಿದೆ. ಐದಾರು ಜನ ಕೈಕಟ್ಟಿ ನಿಂತಿದ್ದಾರೆ. ನಾನು ನಮ್ಮ ಸ್ಟೇಷನ್ ರಸ್ತೆಯ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದು ನುಗ್ಗಿದೆ. ಅಡ್ಡ ಹಿಡಿಯಲು ಎದುರಿಗೆ ಏನೂ ಇರಲಿಲ್ಲ. ಆಚೆ ದಡ ತಲುಪಿ ತಿರುಗಿದಾಗ ಒಬ್ಬ ಮುದುಕ ನನ್ನನ್ನೇ ನೋಡುತ್ತಿದ್ದ, ಸಿಟ್ಟಿನಿಂದಲ್ಲ, ಆಸ್ಪತ್ರೆಯಿಂದ ತಪ್ಪಿಸಿಕೊಂಡವನನ್ನು ನೋಡುವ ಹಾಗೆ. ಅವನ ನೋಟವನ್ನು ಆಗಲೇ ಕದ್ದುಕೊಂಡೆ.

ಕೂಟ ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ. ಬಾಟಲಿ ಎಲ್ಲಿದೆಯೆಂದು ವಿಮಾನದವರಿಗೇ ಗೊತ್ತಿಲ್ಲ. ಇಷ್ಟು ಹೇಳಿಕೊಂಡು ಬಂದ ಮೇಲೆ ಬರಿಗೈಯಲ್ಲಿ ಹೋಗಿ, ಅಲ್ಲಿಗೆ ಬರುವ ವೋಲ್ಫ್‌ನ ಪಕ್ಕ ಕೂರಬೇಕಾಗುತ್ತದೆ ಎಂದು ನೆನೆಸಿಕೊಂಡೇ ಬೆವರು ಬಂತು. ಹೊರಗೆ ಆರು ಡಿಗ್ರಿ.

ಯಾನೆಜರ ಮನೆಯ ಬಾಗಿಲು

ಮಾರನೆಯ ದಿನ ಹನ್ನೆರಡೂವರೆಗೆ ಬ್ಯಾಗು ಬಂತು. ಬಿಚ್ಚಿ ನೋಡಲೂ ಪುರುಸೊತ್ತಿಲ್ಲದೆ ಲುಂಗಿಯ ಗಂಟನ್ನು ಹಾಗೆಯೇ ಎತ್ತಿಕೊಂಡು ಓಡಿದೆ.

ಬಾಗಿಲು ತೆರೆದವರು ಯಾನೆಜ್. ಎಪ್ಪತ್ತು ದಾಟಿದ, ಕೊಡೆಯ ಕೋಲಿನ ಹಾಗೆ ನೆಟ್ಟಗಿನ ಮನುಷ್ಯ. ಪ್ರತಿ ಮಾತಿನ ಮೊದಲು ಮೂಗಿನಿಂದ ಒಂದು "ಹ್ಞಂ" ಎಳೆಯುತ್ತಾರೆ, ಔಷಧಿ ಚೀಟಿಯಲ್ಲಿ ತಪ್ಪು ಹುಡುಕುವವರಂತೆ.

"ಹ್ಞಂ. ಶೂ ತೆಗಿ."

ತೆಗೆದೆ. ಅದು ನಮ್ಮಲ್ಲೂ ಇರುವುದೇ. ಆದರೆ ಅವರು ನಿಲ್ಲಿಸಲಿಲ್ಲ. ಬಾಗಿಲ ಹಿಂದಿನಿಂದ ಒಂದು ಬುಟ್ಟಿ ಎಳೆದರು, ತುಂಬ ಉಣ್ಣೆಯ ಮನೆಚಪ್ಪಲಿಗಳು. ಅತಿಥಿ ಬರಿಗಾಲಲ್ಲಿ ನಡೆದರೆ ಮನೆಯವರಿಗೆ ಅವಮಾನವಂತೆ. ಎರಡು ದಿನದ ಕಾಲುಚೀಲದ ತೂತಿನಿಂದ ನನ್ನ ಹೆಬ್ಬೆರಳು ಆಗಲೇ ಅವರಿಗೆ ನಮಸ್ಕಾರ ಹೇಳುತ್ತಿತ್ತು. ನನ್ನ ಅಳತೆಗೆ ಉಳಿದಿದ್ದದ್ದು ಮೊಲದ ಕಿವಿಯಿರುವ ಗುಲಾಬಿ ಜೊತೆ ಒಂದೇ. ಭಾರತದ ಪ್ರತಿನಿಧಿಯಾಗಿ ಅದನ್ನೇ ಮೆಟ್ಟಿಕೊಂಡು ಒಳಗೆ ಹೋದೆ.

ಒಳಗೆ ಏಳು ಜನ ಆಗಲೇ ಕೂತಿದ್ದರು. ವೋಲ್ಫ್‌ನನ್ನು ಗುರುತಿಸಲು ಕಷ್ಟವಾಗಲಿಲ್ಲ. ಗಡ್ಡ, ಅಗಲವಾದ ಭುಜ, ನನ್ನ ಕಾಲಿನ ಮೇಲೆ ನೆಟ್ಟ ಕಣ್ಣು.

"ಸಕ್ಕರೆ ದೇಶದವನು ಬಂದ," ಎಂದ. "ಮೊಲವನ್ನೂ ತಂದಿದ್ದಾನೆ."

"ಎರಡು ತಂದಿದ್ದೇನೆ. ಒಂದು ನಿನಗೆ."

ಎಲ್ಲರೂ ನಕ್ಕರು. ಯಾನೆಜ್ ಹೊರಗೆ ಹೋದರೆಂದುಕೊಂಡು ನಾನು ಅವರ "ಹ್ಞಂ" ಮಾಡಿ ತೋರಿಸಿದೆ. ನಗು ಇನ್ನೂ ಹೆಚ್ಚಾಯಿತು, ಆಮೇಲೆ ತಟ್ಟನೆ ನಿಂತಿತು. ಅವರು ಬಾಗಿಲಲ್ಲೇ ಇದ್ದರು.

"ಹ್ಞಂ," ಎಂದರು ಯಾನೆಜ್. "ನನ್ನದು ಇನ್ನೂ ಸ್ವಲ್ಪ ಉದ್ದ."

ಬಿಳಿ ಬಿಲ್ಲೆ

ಕಪಾಟು ಗೋಡೆಯುದ್ದಕ್ಕೂ ನಿಂತಿತ್ತು. ಕಪ್ಪು ಮರ, ಕೆಳಗೆ ನೂರಾರು ಪುಟ್ಟ ಸೆಳೆಖಾನೆ, ಮೇಲೆ ಗಾಜಿನ ಬಾಗಿಲು. ಒಳಗೆ ಪ್ರತಿ ವರ್ಷದ ಒಂದೊಂದು ಬಾಟಲಿ, ಕೊನೆಯಲ್ಲಿ ಒಂದು ಖಾಲಿ ಜಾಗ. ಆ ಖಾಲಿ ಜಾಗದ ಅಗಲವನ್ನು ಕಣ್ಣಲ್ಲೇ ಅಳೆದು, ಸಾಕು ಎಂದುಕೊಂಡು, ಮೂಲೆಗೆ ಹೋಗಿ ಲುಂಗಿ ಬಿಚ್ಚಿದೆ. ಬಾಟಲಿಯದ್ದು.

ಒಳಗೆ, ರಸದ ಮೇಲೆ, ಒಂದು ಬಿಳಿ ಬಿಲ್ಲೆ ತೇಲುತ್ತಿತ್ತು. ರೂಪಾಯಿ ನಾಣ್ಯದಷ್ಟು ದಪ್ಪ, ಬಾಟಲಿಯ ಅಗಲಕ್ಕೆ ಸರಿಯಾಗಿ ಕೂತ ಬಿಲ್ಲೆ. ಬೂಸು ಹಿಡಿದಿದೆ ಎಂದುಕೊಂಡೆ. ಮೂರು ತಿಂಗಳ ಕೆಲಸ ವಿಮಾನದ ಹೊಟ್ಟೆಯಲ್ಲಿ ಕೊಳೆತುಹೋಗಿದೆ. ಮುಚ್ಚಳ ತೆಗೆದು ಮೂಸಿದೆ. ಮೊದಲು ಕಿತ್ತಳೆ ಬಂತು. ಅದರ ಬೆನ್ನಿಗೆ ಬೆಳ್ಳುಳ್ಳಿ.

ಹೊರಗಿನ ಮೆಟ್ಟಿಲಿಗೆ ಓಡಿ ಮನೆಗೆ ಫೋನ್ ಮಾಡಿದೆ. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಅಮ್ಮನ ಮಾತನ್ನು ಕನ್ನಡದಲ್ಲಿ ಬರೆದಿದ್ದೇನೆ, ಗದರಿಕೆ ಮಾತ್ರ ಮೂಲದ್ದೇ.

"ಅಮ್ಮಾ, ಬಾಟಲಿಗೆ ಎಂತ ಹಾಕಿದ್ದೀ?"

"ಒಗ್ಗರಣೆ ಹಾಕಿದೆ. ಯಾಕೆ, ಕಡಿಮೆ ಆಯ್ತಾ?"

"ಒಗ್ಗರಣೆಯಾ!"

"ತೆಂಗಿನೆಣ್ಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ, ಚೂರು ಓಮ, ಒಳ್ಳೆಮೆಣಸು. ಹೊರಡುವ ಹಿಂದಿನ ದಿನ ಹಾಕಿದ್ದು. ಒಗ್ಗರಣೆ ಇಲ್ಲದೆ ಯಾರಾದ್ರೂ ಪಾಲೆ ಕುಡೀತಾರಾ? ಆ ಜನಕ್ಕೆ ಹೊಟ್ಟೆ ಕೆಟ್ರೆ ಯಾರನ್ನು ಬೈತಾರೆ? ನನ್ನನ್ನೇ ಅಲ್ವಾ?"

"ಇದು ಕುಡಿಯುವುದಲ್ಲ ಅಮ್ಮಾ! ಎರಡು ಹನಿ ಹಾಕುವುದು!"

"ಎರಡು ಹನಿ ಹಾಕ್ಲಿಕ್ಕೆ ಅಷ್ಟು ದೂರ ಹೋದದ್ದಾ ನೀನು?"

ಬಿಲ್ಲೆಯ ಗುಟ್ಟು ಆಗ ಹೊಳೆಯಿತು. ಡೊಂಬಿವಲಿಯಲ್ಲಿ ತೆಂಗಿನೆಣ್ಣೆ ನೀರಿನ ಹಾಗೆ ಹರಿದಾಡುತ್ತದೆ. ಇಲ್ಲಿನ ಚಳಿಗೆ ಅದು ಮೇಣವಾಗಿತ್ತು. ಬೂಸು ಅಲ್ಲ ಎಂಬ ಸಮಾಧಾನ ಒಂದು ನಿಮಿಷ ಇತ್ತು. ನಾನು ಕೊಡಬೇಕೆಂದಿದ್ದದ್ದು ವಿಸ್ಕಿ, ಸಕ್ಕರೆ, ಕಿತ್ತಳೆ ಸಿಪ್ಪೆಯ ಹಳೇ ಕಾಲದ ನಾಜೂಕು ಪಾನೀಯ. ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ! ಬಿಲ್ಲೆಯನ್ನು ಎತ್ತಿ ಎಸೆದು, ಏಳೇ ಸಾಮಾನು ಎಂದು ಹೇಳಿದರೆ? ವಾಸನೆ ಬೇರೆ ಹೇಳುತ್ತದೆ. ಸುಳ್ಳು ಹೇಳಿದವರ ಬಾಟಲಿಯನ್ನು ಯಾನೆಜ್ ಮುಟ್ಟುವುದೂ ಇಲ್ಲ.

ಒಳಗೆ ಹೋಗಿ ಬಾಟಲಿಯನ್ನು ಮೇಜಿನ ನಡುವೆ ಇಟ್ಟೆ.

"ಇದರಲ್ಲಿ ಹನ್ನೊಂದು ಸಾಮಾನಿವೆ," ಎಂದೆ. "ಏಳು ನಾನು ಹಾಕಿದ್ದು. ನಾಲ್ಕು ಅಮ್ಮ ಹಾಕಿದ್ದು, ನನಗೆ ಹೇಳದೆ." ಆಮೇಲೆ ಅಮ್ಮನ ಫೋನನ್ನು ಅವಳ ದನಿಯಲ್ಲೇ, ಇಂಗ್ಲಿಷಿನಲ್ಲಿ, ಪೂರ್ತಿ ಒಪ್ಪಿಸಿದೆ. ನಕ್ಕು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ.

ವೋಲ್ಫ್ ನಗಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದ.

"ಫ್ಯಾಟ್ ವಾಷಿಂಗ್," ಎಂದ. "ಮದ್ಯಕ್ಕೆ ಬಿಸಿ ಕೊಬ್ಬು ಹಾಕಿ, ತಣ್ಣಗೆ ಮಾಡಿ, ಗಟ್ಟಿಯಾದ ಮೇಲೆ ತೆಗೆಯುವುದು. ರುಚಿ ಮಾತ್ರ ಉಳಿಯುತ್ತದೆ. ನಾನು ಬೆಣ್ಣೆಯಲ್ಲಿ ಕಲಿಯಲು ಎರಡು ವರ್ಷ ಬೇಕಾಯಿತು. ನಿನ್ನ ತಾಯಿ ಯಾವ ಬಾರಿನಲ್ಲಿ ಕೆಲಸ ಮಾಡುತ್ತಾರೆ?"

"ಅವಳು ಬಾರಿನ ಮೆಟ್ಟಿಲು ಹತ್ತಿದವಳಲ್ಲ."

"ಮತ್ತೆ ತಣ್ಣಗೆ ಮಾಡಿದ್ದು ಯಾರು?"

"ವಿಮಾನದವರು. ಒಂದು ದಿನ ಹೆಚ್ಚೇ ಇಟ್ಟುಕೊಂಡರು."

ಅಡುಗೆಮನೆ

ಯಾನೆಜ್ ಬಿಲ್ಲೆಯನ್ನು ಚೂರಿಯ ತುದಿಯಿಂದ ಬಿಡಿಸಿ, ರಸವನ್ನು ಕಾಫಿ ಸೋಸುವ ಕಾಗದದಲ್ಲಿ ಸೋಸಿದರು. ಮತ್ತೆ ಅದೇ ತಿಳಿ, ಅದೇ ಬಣ್ಣ. ನಾಲಗೆಗೆ ಒಂದು ಹನಿ ಬಿಟ್ಟುಕೊಂಡೆ. ಮೊದಲು ಪಾಲೆಯ ಕಹಿ, ಕಿವಿಯ ತನಕ. ಅದು ಇಳಿಯುವಾಗ ಓಮ, ಕೊನೆಗೆ ದೂರದಿಂದ ಬೆಳ್ಳುಳ್ಳಿ. ಕೆಟ್ಟದ್ದು ಎಂದು ಹೇಳುವ ಹಾಗಿರಲಿಲ್ಲ. ಆದರೆ ವಿಸ್ಕಿಗೆ ಇದು ಸೇರುವುದಿಲ್ಲ. ಮದುವೆ ಮನೆಗೆ ಲುಂಗಿಯಲ್ಲಿ ಬಂದ ಮಾವನ ಹಾಗೆ.

ನನ್ನ ಸರದಿಗೆ ಇನ್ನು ಇಬ್ಬರು ಬಾಕಿ. ಅಡುಗೆಮನೆಯಲ್ಲಿ ಮೊಲದ ಕಿವಿ ಎಳೆದುಕೊಂಡು ಅತ್ತಿತ್ತ ನಡೆದೆ. ಈ ರುಚಿ ಯಾವುದಕ್ಕೆ ಸೇರುತ್ತದೆ? ಬೆಳ್ಳುಳ್ಳಿ, ಓಮ, ಕಾಳುಮೆಣಸು. ಫ್ರಿಜ್ಜಿನ ಬಾಗಿಲು ತೆರೆದೆ. ಯಾನೆಜ್ ದಿನಾ ಬೆಳಗ್ಗೆ ಕುಡಿಯುವ ಕೆಫೀರ್, ಅಂದರೆ ಇಲ್ಲಿನ ಹುಳಿ ಮೊಸರು, ಒಂದು ಹೂಜಿ ತುಂಬ.

ನನಗೆ ನನ್ನ ಮೇಲೇ ಸಿಟ್ಟು ಬಂತು. ಹತ್ತೊಂಬತ್ತು ಬಾಟಲಿ ಸೇರಿಸಿ, ಐಸ್‌ಕ್ರೀಮಿಗೂ ಕಹಿ ಹನಿಸಿದ ಮಹಾನುಭಾವ, ಮಜ್ಜಿಗೆಗೆ ಮಾತ್ರ ಒಮ್ಮೆಯೂ ಹಾಕಿರಲಿಲ್ಲ. ಮಜ್ಜಿಗೆ ಅಮ್ಮನ ಇಲಾಖೆ ಎಂದು.

ಕೆಫೀರಿಗೆ ತಣ್ಣೀರು ಬೆರೆಸಿ ಕಡೆದೆ. ಕಡೆಗೋಲಿಲ್ಲ, ಮೊಟ್ಟೆ ಕಡೆಯುವ ತಂತಿಯಲ್ಲೇ ನೊರೆ ಬರಿಸಿದೆ. ಉಪ್ಪು ಹಾಕಿದೆ, ಶುಂಠಿ ಜಜ್ಜಿದೆ. ಯಾನೆಜರ ತೋಟದ ಸೇಬಿನಿಂದ ಇಳಿಸಿದ ಮದ್ಯ ಲೋಟಕ್ಕೊಂದು ಅಳತೆ. ಮೇಲೆ ನನ್ನ ಕಹಿ, ಐದೈದು ಹನಿ. ನೊರೆಯ ಮೇಲೆ ಕಂದು ಚುಕ್ಕಿಗಳು ನಿಂತವು.

ಇಲ್ಲಿಯವರು ಲೋಟ ತಾಗಿಸುವಾಗ ಒಬ್ಬೊಬ್ಬರ ಕಣ್ಣನ್ನೂ ನೋಡಲೇಬೇಕು, ನೋಡದಿದ್ದರೆ ಅಪಚಾರ. ಎಂಟು ಜೊತೆ ಕಣ್ಣು ನೋಡಿ ಮುಗಿಸುವಷ್ಟರಲ್ಲಿ ನನ್ನ ಲೋಟದ ನೊರೆ ತುಳುಕಿತು. ಕುಡಿದರು. ವೋಲ್ಫ್ ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದ. ಇನ್ನೊಂದು ಕುಡಿದ. ಆಮೇಲೆ ಪೂರ್ತಿ ಎತ್ತಿದ. ಲೋಟ ಕೆಳಗಿಟ್ಟಾಗ ಅವನ ಮೀಸೆ ಬೆಳ್ಳಗಿತ್ತು.

"ಇದಕ್ಕೆ ಹೆಸರೇನು?"

"ಮಜ್ಜಿಗೆ."

"ನೀನು ಕಂಡುಹಿಡಿದದ್ದೇ?"

ಹೌದು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಸುಮ್ಮನೆ ಯಾಕೆ ಸುಳ್ಳು ಹೇಳಲಿ, ತುದಿಯ ತನಕ ಬಂದೇ ಬಂದಿತ್ತು. "ನಮ್ಮ ಮನೆಯಲ್ಲಿ ದಿನಾ ಮಾಡುತ್ತಾರೆ," ಎಂದೆ.

ಕಪಾಟು

ಮತ ಹಾಕುವುದು ಒಣ ಬೀನ್ಸ್ ಕಾಳಿನಿಂದ. ಒಬ್ಬರಿಗೆ ಒಂದು ಕಾಳು, ಮೆಚ್ಚಿದ ಬಾಟಲಿಯ ಮುಂದೆ ಇಡಬೇಕು, ತಮ್ಮದಕ್ಕೆ ಇಡುವ ಹಾಗಿಲ್ಲ. ನಾನು ನನ್ನ ಕಾಳನ್ನು ವೋಲ್ಫ್‌ನ ಅಕ್ರೋಟು ಕಹಿಯ ಮುಂದೆ ಇಟ್ಟೆ. ಅದು ನಿಜಕ್ಕೂ ಚೆನ್ನಾಗಿತ್ತು, ಅವನಿಗೆ ಹೇಳಬೇಡಿ. ಪಾಲೆಯ ಮುಂದೆ ಒಂದು ಕಾಳು ಬಿತ್ತು, ಎರಡಾಯಿತು. ಐದನೆಯದನ್ನು ತಂದು ಇಟ್ಟವನು ವೋಲ್ಫ್. ಇಟ್ಟು ನನ್ನ ಬೆನ್ನಿಗೆ ಗುದ್ದಿದ. ಅದು ಈಗಲೂ ಚಳಿಗೆ ನೋಯುತ್ತದೆ.

"ಹ್ಞಂ," ಎಂದರು ಯಾನೆಜ್. ನಿಜವಾಗಿಯೂ ಉದ್ದವಿತ್ತು.

ಜಗತ್ತಿನ ಯಾವ ದೊಡ್ಡ ಮನುಷ್ಯ ಎಲ್ಲಿ ಯಾವ ಪದಕ ಕೊರಳಿಗೆ ಹಾಕಿಸಿಕೊಂಡನೋ ನನಗೆ ಗೊತ್ತಿಲ್ಲ. ಡೊಂಬಿವಲಿ ಪೂರ್ವದ ಸೊಸೈಟಿ ಕಾಂಪೌಂಡಿನ ಮರವೊಂದು ಆ ಕಪ್ಪು ಕಪಾಟಿಗೆ ಹೋಗುವುದನ್ನು ಗುಲಾಬಿ ಚಪ್ಪಲಿ ಮೆಟ್ಟಿಕೊಂಡು ನೋಡಿದವನು ನಾನೊಬ್ಬನೇ. ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗೆ ಹೆದರಿಕೆಯಾಯಿತು. ಎರಡು ದಿನದಿಂದ ಮೈಮೇಲಿದ್ದ ಅದೇ ಅಂಗಿ.

ಯಾನೆಜ್ ಚೀಟಿ ಮತ್ತು ಪೆನ್ನು ತಂದರು. ಚೀಟಿಯಲ್ಲಿ ಮೂರು ಸಾಲು: ಹೆಸರು, ಮಾಡಿದವರು, ಬಳಸುವ ವಿಧಾನ. ಮೊದಲನೆಯದಕ್ಕೆ ಪಾಲೆ ಎಂದು ಕನ್ನಡದಲ್ಲೇ ಬರೆದೆ. ಎರಡನೆಯದಕ್ಕೆ ಗಿರಿಜಾ ಎಂದು ಬರೆದು, ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಪ್ರಸಾದ್ ಎಂದು ಸೇರಿಸಿದೆ. ತೀರಾ ಸಣ್ಣ ಅಕ್ಷರವೇನಲ್ಲ.

"ಮೂರನೆಯದನ್ನು ಮಾಡಿದವರೇ ಹೇಳಬೇಕು," ಎಂದರು ಯಾನೆಜ್. ಕಣ್ಣು ಮೇಲಿನ ಹೆಸರಿನ ಮೇಲಿತ್ತು.

ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟೆ. "ಅಮ್ಮಾ, ನಮ್ಮ ಪಾಲೆಯೇ ಗೆದ್ದದ್ದು! ಇನ್ನು ಅದು ಇಲ್ಲೇ ಇರ್ತದೆ. ಹೇಗೆ ತೆಗೆದುಕೊಳ್ಳಬೇಕು ಅಂತ ಇವರಿಗೆ ನೀನೇ ಹೇಳು."

"ಎಲ್ಲರೂ ಕುಡಿದಾಯ್ತಾ?"

"ಆಯ್ತು."

"ಮತ್ತೆ ಮೆಂತ್ಯದ ಗಂಜಿ ಕೊಟ್ಟಿಯಾ?"

"ಇಲ್ಲ."

"ಇಲ್ಲವಾ? ಪಾಲೆ ಕುಡಿದ ಮೇಲೆ ಗಂಜಿ ಹೊಟ್ಟೆಗೆ ಬೀಳದಿದ್ರೆ ಮೈ ಉಷ್ಣ ಏರ್ತದೆ ಅಂತ ಗೊತ್ತಿಲ್ವಾ ನಿಂಗೆ? ಮನೆಗೆ ಕರೆದವರಿಗೆ ಹೀಗಾ ಮಾಡುವುದು? ಗೆದ್ದದ್ದೆಲ್ಲ ಮತ್ತೆ. ಮೊದಲು ಗಂಜಿಗೆ ಇಡು." ಫೋನ್ ಕಟ್ಟಾಯಿತು.

ಎಂಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ಯಾರೂ ನಗಲಿಲ್ಲ. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದ ಯಾನೆಜ್ ತಲೆಯಾಡಿಸಿ, ಮೂರನೆಯ ಸಾಲಿನಲ್ಲಿ ತಮ್ಮ ಭಾಷೆಯಲ್ಲಿ ನಿಧಾನವಾಗಿ ಬರೆದು, ಕೊನೆಯ ಪದದ ಕೆಳಗೆ ಎರಡು ಗೆರೆ ಎಳೆದರು. ಏನು ಬರೆದಿರಿ ಎಂದು ಕೇಳಿದೆ.

"ಸೇವನೆಯ ನಂತರ ಮೆಂತ್ಯದ ಗಂಜಿ. ಕಡ್ಡಾಯ."

ಆಮೇಲೆ ಕಪಾಟಿನ ಕೆಳಗಿನ ಸೆಳೆಖಾನೆಗಳಲ್ಲಿ ಒಂದನ್ನು ಎಳೆದು ಹಿಡಿ ತುಂಬ ಮೆಂತ್ಯ ತೆಗೆದು ನನ್ನ ಕೈಗೆ ಸುರಿದರು. "ಅಕ್ಕಿ ಎಷ್ಟು ಬೇಕು?" ಎಂದು ಕೇಳಿದರು.

ಒಂದು ತಾಸಿನ ನಂತರ ಆ ಉದ್ದನೆಯ ಮೇಜಿನಲ್ಲಿ ಒಂಬತ್ತು ಬಟ್ಟಲುಗಳಲ್ಲಿ ಗಂಜಿ ಹೊಗೆಯಾಡುತ್ತಿತ್ತು. ವೋಲ್ಫ್ ಎರಡು ಸಲ ಹಾಕಿಸಿಕೊಂಡ. ಬಾಟಲಿ ತನ್ನ ಜಾಗದಲ್ಲಿ ನಿಂತಿತ್ತು, ಗಾಜಿನ ಬಾಗಿಲು ಮಾತ್ರ ತೆರೆದೇ ಇತ್ತು. ಕೊನೆಯ ಬಟ್ಟಲು ಖಾಲಿಯಾಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಯಾನೆಜ್ ಎದ್ದುಹೋಗಿ ಕಪಾಟಿಗೆ ಬೀಗ ಹಾಕಿದರು.